ಬ್ಯಾಂಕ್ ಬ್ರಾಂಚಲ್ಲಿ ಒಳ್ಳೆ ಸಹೋದ್ಯೋಗಿ ಆಗೋದು ಹೇಗೆ? ಹೊಸದಾಗಿ ಸೇರ್ತಿರೋರಿಗೆ ಸಮಗ್ರ ಮಾರ್ಗದರ್ಶಿ

ಐಬಿಪಿಎಸ್ (ಬ್ಯಾಂಕ್ ಕೆಲಸದ ಪರೀಕ್ಷೆ) ರಿಸಲ್ಟ್ ಬಂದಾಗೆಲ್ಲ ಪರಿಚಯದವ್ರ ಮಕ್ಕಳು ಫೋನ್ ಮಾಡ್ತಾರೆ. ಪೋಸ್ಟಿಂಗ್ ಎಲ್ಲಿ ಹಾಕ್ತಾರೆ ಸರ್, ಕೈಗೆ ಎಷ್ಟು ಬರತ್ತೆ, ಊರ ಹತ್ರ ಟ್ರಾನ್ಸ್‌ಫರ್ ಯಾವಾಗ ಸಿಗತ್ತೆ, ಇಷ್ಟೇ ಪ್ರಶ್ನೆ. ಜೊತೆಗೆ ಕೂತು ಕೆಲಸ ಮಾಡೋರ ಹತ್ರ ಹೇಗಿರ್ಬೇಕು ಅಂತ ಒಬ್ರೂ ಕೇಳಲ್ಲ. ಆಮೇಲೆ ಆರು ತಿಂಗಳು ಬಿಟ್ಟು ಅದೇ ಹುಡುಗ್ರು ಫೋನ್ ಮಾಡಿ ಗೋಳು ಹೇಳ್ಕೊಳ್ಳೋದು ಪೂರ್ತಿ ಇದ್ರ ಬಗ್ಗೇನೇ, ಪಕ್ಕದ ಕೌಂಟರ್‌ನವ್ರು ಹೀಗ್ ಮಾಡಿದ್ರು, ಆಫೀಸರ್ ಪಾಸ್ ಮಾಡ್ದೆ ಸತಾಯಿಸ್ತಾರೆ, ರಜೆ ಕೇಳಿದ್ರೆ ಮುಖ ಗಂಟು ಹಾಕ್ತಾರೆ ಅಂತ. ಅದಕ್ಕೆ ಗೊತ್ತಿರೋದನ್ನ ಒಂದೇ ಕಡೆ ಬರೆದುಬಿಡೋಣ ಅಂತ ಕೂತೆ. ಸ್ವಲ್ಪ ಉದ್ದ ಆಗತ್ತೆ, ಟೈಮ್ ಮಾಡ್ಕೊಂಡು ಓದಿ.

ಮೊದ್ಲೇ ಒಂದು ಮಾತು. ನಗ್ತಾ ಮಾತಾಡ್ಸೋದು, ಬರ್ತ್‌ಡೇಗೆ ಕೇಕ್ ತರೋದು, ಊರಿಂದ ಬರುವಾಗ ಚಕ್ಕುಲಿ ಕೋಡುಬಳೆ ಡಬ್ಬಿ ತರೋದು ಎಲ್ಲ ಒಳ್ಳೇದೇ, ಬೇಡ ಅನ್ನಲ್ಲ (ಚಕ್ಕುಲಿ ಅಂತೂ ಖಂಡಿತ ತನ್ನಿ). ಆದ್ರೆ ದುಡ್ಡು ಎಣಿಸೋ ಜಾಗದಲ್ಲಿ ಒಳ್ಳೆಯವ್ರು ಅನ್ನೋದಕ್ಕೆ ಲೆಕ್ಕ ಬೇರೆ ಇದೆ. ನೀವು ಮುಟ್ಟಿದ ಕೆಲಸಾನ ಇನ್ನೊಬ್ರು ತಿರ್ಗಿ ತಡಕಾಡೋ ಹಾಗೆ ಆಗ್ಬಾರದು, ಮತ್ತೆ "ನನ್ ಮೇಲೆ ನಂಬಿಕೆ ಇಲ್ವಾ" ಅಂತ ಕೇಳೋ ಸಂದರ್ಭಾನ ನೀವು ಯಾರಿಗೂ ತರ್ಬಾರದು. ಕೆಳಗೆ ಬರೆದಿರೋದೆಲ್ಲ ಸುತ್ತಿ ಬಳಸಿ ಈ ಎರಡಕ್ಕೇ ಬರತ್ತೆ.

ಹಂತ 1: ಮೊದಲ ವಾರ ಕಣ್ಣು ಕಿವಿ ತೆರ್ಕೊಂಡಿರಿ

ಸೇರಿದ ದಿನಾನೇ ನಿಮ್ಮ ಸಿಸ್ಟಮ್ ಐಡಿ ಬರಲ್ಲ, ಕೆಲವು ದಿನ ಸುಮ್ನೆ ಯಾರದೋ ಪಕ್ಕ ಕುರ್ಚಿ ಹಾಕಿ ಕೂರಿಸ್ತಾರೆ. ಆಗ ಮೊಬೈಲ್ ತಿರುವ್ತಾ ಕೂತ್ರೆ ಅದೇ ಹೆಸ್ರು ನಿಮಗೆ ಉಳ್ಕೊಳ್ಳತ್ತೆ. ಒಂದು ಚಿಕ್ಕ ನೋಟ್‌ಬುಕ್ ಇಟ್ಕೊಂಡು ಡೆಪಾಸಿಟ್ ಚಲನ್ ಯಾರ ಕೈಯಿಂದ ಯಾರ ಕೈಗೆ ಹೋಗತ್ತೆ, ಚೆಕ್ ಕ್ಲಿಯರಿಂಗ್‌ಗೆ ಎಷ್ಟೊತ್ತಿಗೆ ಹೋಗ್ಬೇಕು, ಸಂಜೆ ವೋಚರ್ (ದಿನದ ವಹಿವಾಟಿನ ಚೀಟಿಗಳು) ಜೋಡಿಸೋರು ಯಾರು, ಕಸ್ಟಮರ್ ಗುರುತು ವಿಳಾಸದ ಕೆವೈಸಿ ಫಾರ್ಮ್ ಎಲ್ಲಿ ಇಡ್ತಾರೆ ಅಂತ ಬರ್ಕೊಳ್ಳಿ. ಒಂದೇ ಪ್ರಶ್ನೆನ ಒಬ್ರಿಗೇ ಮೂರನೇ ಸಲ ಕೇಳೋ ಹಾಗೆ ಮಾತ್ರ ಆಗ್ಬಾರದು. ಕೌಂಟರ್ ಮುಂದೆ ಜನ ನಿಂತಿರುವಾಗ ಕೇಳ್ಬೇಡಿ, ಊಟದ ಹೊತ್ತಲ್ಲೋ ನಾಲ್ಕು ಗಂಟೆ ಮೇಲೋ ಎಲ್ಲ ಡೌಟೂ ಒಟ್ಟಿಗೆ ಕೇಳಿ, ಆಗ ಹೇಳ್ಕೊಡೋರಿಗೂ ಮನಸ್ಸಿರತ್ತೆ.

ಮ್ಯಾನೇಜರ್ ಯಾರು, ಆಫೀಸರ್ ಯಾರು ಅನ್ನೋದು ತಾನಾಗೇ ಗೊತ್ತಾಗತ್ತೆ. ನಿಜವಾಗಿ ಪರಿಚಯ ಮಾಡ್ಕೋಬೇಕಾಗಿರೋದು ಅಟೆಂಡರ್, ಸೆಕ್ಯುರಿಟಿ ಗಾರ್ಡ್, ಚಿನ್ನ ನೋಡೋ ಅಪ್ರೈಸರ್, ಹಳ್ಳಿ ಕಡೆ ಓಡಾಡೋ ಬ್ಯಾಂಕ್ ಮಿತ್ರ, ಕಸ ಗುಡಿಸೋಕೆ ಬರೋ ಅಮ್ಮ, ಇವ್ರನ್ನ. ಆಫೀಸರ್‌ಗಳು ಎರಡ್ಮೂರು ವರ್ಷಕ್ಕೆ ಬಂದು ಹೋಗೋರು, ಅಟೆಂಡರ್ ಅದೇ ಬ್ರಾಂಚಲ್ಲಿ ವರ್ಷಾನುಗಟ್ಲೆ ಇರ್ತಾರೆ, ಯಾವ ಅಜ್ಜಿ ಸಹಿ ಕೈ ನಡುಕದಿಂದ ಬದಲಾಗಿದೆ, ಯಾವ ಮನೇಲಿ ಅಣ್ಣತಮ್ಮಂದ್ರ ವ್ಯಾಜ್ಯ ನಡೀತಿದೆ, ಹಳೇ ಲೆಡ್ಜರ್ ಯಾವ ಬೀರು ಹಿಂದೆ ಬಿದ್ದಿದೆ ಎಲ್ಲ ಅವ್ರಿಗೆ ಗೊತ್ತು. ನಿಮಗಿಂತ ವಯಸ್ಸಲ್ಲಿ ದೊಡ್ಡೋರಾದ ಅಟೆಂಡರ್‌ನ ಮ್ಯಾನೇಜರ್ ಏಕವಚನದಲ್ಲಿ ಕರೀತಾರೆ ಅಂತ ನೀವೂ ಶುರು ಹಚ್ಕೋಬೇಡಿ. ಬನ್ನಿ, ಕೊಡಿ, ಸ್ವಲ್ಪ ನೋಡಿ ಅಂತಾನೇ ಮಾತಾಡಿ. ಅವ್ರ ಕೈಲಿ ಸ್ವಂತ ಕೆಲಸ ಮಾಡ್ಸೋದು, ಮನೆ ಕರೆಂಟ್ ಬಿಲ್ ಕಟ್ಸೋದು, ಸಿಗರೇಟ್ ತರ್ಸೋದು ಬೇಡ.

ಹಂತ 2: ಕೀ ನಿಮ್ಮ ಹತ್ರ ಇದ್ರೆ ಲೇಟ್ ಅನ್ನೋ ಮಾತೇ ಇಲ್ಲ

ಕ್ಯಾಶ್ ಸೇಫ್ ಒಬ್ರೇ ತೆಗೆಯೋಕಾಗಲ್ಲ. ಎರಡು ಕೀ, ಇಬ್ರು ಜವಾಬ್ದಾರ್ರು, ಜಾಯಿಂಟ್ ಕಸ್ಟಡಿ ಅಂತೀವಿ. ಒಬ್ರು ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡ್ರೆ ಇನ್ನೊಬ್ರು ಎಷ್ಟು ಬೇಗ ಬಂದಿದ್ರೂ ಪ್ರಯೋಜನ ಇಲ್ಲ. ಅಷ್ಟೊತ್ತಿಗೆ ಷಟರ್ ಮುಂದೆ ಪೆನ್ಷನ್‌ದಾರರು ಸಾಲಾಗಿ ನಿಂತಿರ್ತಾರೆ, ಗೃಹಲಕ್ಷ್ಮಿ 2,000 ಜಮಾ ಆಗಿದ್ಯಾ ಅಂತ ಪಾಸ್‌ಬುಕ್ ಎಂಟ್ರಿಗೆ ಹೆಂಗಸ್ರು ಬಂದಿರ್ತಾರೆ, ಬೈಸ್ಕೊಳ್ಳೋದು ಮಾತ್ರ ಲೇಟಾಗಿ ಬಂದವ್ರಲ್ಲ, ಟೈಮಿಗೆ ಬಂದು ಕೌಂಟರಲ್ಲಿ ಕೂತಿರೋ ಕ್ಯಾಷಿಯರ್. ಆದ್ದರಿಂದ ಕೀ ಇರೋರು ಹತ್ತು ಹದಿನೈದು ನಿಮಿಷ ಮುಂಚೆ ಬನ್ನಿ, ಬಸ್ ತಪ್ಪೋ ಲಕ್ಷಣ ಕಂಡ ತಕ್ಷಣ ಫೋನ್ ಮಾಡಿ, ಬ್ರಾಂಚ್ ತೆಗೆಯೋ ಟೈಮ್ ಆದ್ಮೇಲೆ "ಆನ್ ದ ವೇ" ಅಂತ ಮೆಸೇಜ್ ಹಾಕೋದ್ರಿಂದ ಏನೂ ಉಪಯೋಗ ಇಲ್ಲ.

ಕೀ ಯಾರಿಗಾದ್ರೂ ವಹಿಸೋದಿದ್ರೆ ರಿಜಿಸ್ಟರಲ್ಲಿ ಬರೆದು ಇಬ್ರೂ ಸಹಿ ಹಾಕಿ, ಒಳಗಿರೋ ಕ್ಯಾಶ್ ಇಬ್ರೂ ಎದುರಿಗೆ ಎಣ್ಸಿ. ಅಟೆಂಡರ್ ಕೈಲಿ ಕವರ್‌ನಲ್ಲಿ ಹಾಕಿ ಕಳ್ಸೋದು, ಡ್ರಾಯರಲ್ಲಿಟ್ಟು "ತಗೊಳ್ಳಿ ಸರ್" ಅಂತ ಫೋನಲ್ಲಿ ಹೇಳೋದು ಮಾಡ್ಲೇಬೇಡಿ. ಹೊಸಬ್ರಿಗೆ ಇಲ್ಲೊಂದು ಮುಜುಗರ ಇರತ್ತೆ, ಮೂವತ್ತು ವರ್ಷ ಸರ್ವೀಸ್ ಆಗಿರೋ ಸೀನಿಯರ್ ಎಣ್ಸಿ ಕೊಟ್ಟ ದುಡ್ಡನ್ನ ಅವ್ರ ಎದ್ರೇ ತಿರ್ಗಿ ಎಣ್ಸಿದ್ರೆ ಅವಮಾನ ಮಾಡ್ದಂಗಾಗತ್ತೇನೋ ಅಂತ. ಒಳ್ಳೆ ಸೀನಿಯರ್ ಆಗಿದ್ರೆ ಅವ್ರೇ "ಎಣಿಸ್ಕೋ" ಅಂತ ಮುಂದಕ್ಕೆ ತಳ್ತಾರೆ. ಮುಖ ಊದಿಸ್ಕೊಳ್ಳೋರು ಸಿಕ್ರೂ ನೀವು ನಗ್ತಾ ಎಣಿಸ್ತಾ ಇರಿ. ನಾಳೆ ಒಂದು ಪ್ಯಾಕೆಟ್ (ನೂರು ನೋಟಿನ ಕಟ್ಟು) ಕಮ್ಮಿ ಬಂದ್ರೆ ಎಣಿಸದೇ ಇದ್ದ ಮರ್ಯಾದೆ ಇಬ್ರನ್ನೂ ಎನ್‌ಕ್ವೈರಿ ಮುಂದೆ ನಿಲ್ಸತ್ತೆ, ಅಲ್ಲಿಗೆ ಸ್ನೇಹಾನೂ ಮುಗೀತು.

ಹಂತ 3: ಎಂಟ್ರಿ ಹಾಕೋರು, ಪಾಸ್ ಮಾಡೋರು

ಒಬ್ರು ಎಂಟ್ರಿ ಹಾಕ್ಬೇಕು, ಇನ್ನೊಬ್ರು ನೋಡಿ ಆಥರೈಸ್ ಮಾಡ್ಬೇಕು, ಇದು ಎಲ್ಲ ಬ್ಯಾಂಕಲ್ಲೂ ಇರೋ ಪದ್ಧತಿ. ಬ್ರಾಂಚಿನ ಅರ್ಧ ಜಗಳ ಹುಟ್ಟೋದು ಇಲ್ಲೇ.

ಎಂಟ್ರಿ ಹಾಕೋರು ನೀವಾಗಿದ್ರೆ ಪಾಸ್ ಮಾಡೋರ ಕೆಲಸ ಹಗುರ ಮಾಡಿ. ಚೆಕ್ಕಾದ್ರೆ ತಾರೀಖು, ಅಂಕಿ ಅಕ್ಷರ ಎರಡೂ, ಸಹಿ ನೀವೇ ಒಂದ್ಸಲ ನೋಡಿ ಕಳ್ಸಿ. ಅಕೌಂಟ್ ಓಪನಿಂಗ್ ಫಾರ್ಮ್ ಆದ್ರೆ ಆಧಾರ್, ಪ್ಯಾನ್ ಕಾಪಿನ ಒರಿಜಿನಲ್ ಜೊತೆ ತಾಳೆ ನೋಡಿದ್ದೀನಿ ಅಂತ ಸಹಿ ಹಾಕಿ ಮೇಲಿಡಿ. ಹೆಸರಲ್ಲಿ ಒಂದಕ್ಷರ ವ್ಯತ್ಯಾಸ ಇದ್ರೆ ಮುಚ್ಚಿಡದೆ ಪೆನ್ಸಿಲ್‌ನಲ್ಲಿ ಗುರ್ತು ಮಾಡಿ "ಸರ್ ಇಲ್ಲಿ ಹೀಗಿದೆ, ನೋಡಿ" ಅಂತ ಹೇಳಿ. ಆಫೀಸರ್ ಕಣ್ಣು ತಪ್ಪಿಸಿ ದಾಟಿಸ್ಬಿಟ್ರೆ ಜಾಣತನ ಅನ್ಕೊಂಡಿರೋರು ಇದ್ದಾರೆ, ಆಮೇಲೆ ಆಡಿಟ್‌ನಲ್ಲಿ ಸಿಕ್ಕಿದಾಗ ಉತ್ತರ ಬರೆಯೋದು ಆ ಆಫೀಸರ್, ಅವತ್ತಿಂದ ನಿಮ್ಮ ಪ್ರತಿ ವೋಚರ್ನೂ ಅವ್ರು ಭೂತಕನ್ನಡಿ ಹಿಡ್ದು ನೋಡ್ತಾರೆ, ನಿಮ್ಮ ಕೌಂಟರೇ ನಿಧಾನ ಆಗತ್ತೆ.

ಪಾಸ್ ಮಾಡೋ ಕಡೆ ಇದ್ರೆ ನೋಡಿ ಮಾಡಿ, ಆದ್ರೆ ಕೂಡಿಹಾಕ್ಕೊಂಡು ಕೂರ್ಬೇಡಿ. ಕ್ಯಾಷಿಯರ್ ಮುಂದೆ ಕಸ್ಟಮರ್ ನಿಂತಿದ್ದಾರೆ, ನಿಮ್ಮ ಸ್ಕ್ರೀನಲ್ಲಿ ಅವ್ರ ಎಂಟ್ರಿ ಕಾಯ್ತಾ ಇದೆ, ನೀವು ಲೋನ್ ಫೈಲ್ ಮುಗಿಸ್ಬಿಟ್ಟು ನೋಡ್ತೀನಿ ಅಂತ ಕೂತಿದ್ದೀರಿ, ಹೀಗಾದ್ರೆ ಆ ಕಸ್ಟಮರ್ ಸಿಟ್ಟೆಲ್ಲ ಕ್ಯಾಷಿಯರ್ ಮೇಲೆ. ತಪ್ಪಿದ್ರೆ ವಾಪಸ್ ಕಳ್ಸುವಾಗ ಏನು ತಪ್ಪು ಅಂತ ಎರಡು ಪದ ಹೇಳಿ. ಸುಮ್ನೆ ರಿಜೆಕ್ಟ್ ಒತ್ತಿ ಕೂತ್ರೆ ಆ ಕಡೆಯವ್ರು ಎದ್ದು ಬಂದು ಕೇಳ್ಬೇಕು, ಮತ್ತೆ ಹೋಗಿ ತಿದ್ದಬೇಕು.

ಈಗ ಪಾಸ್‌ವರ್ಡ್ ವಿಷಯ. ಅರ್ಜೆಂಟಾಗಿ ಹೊರಗೆ ಹೋಗ್ಬೇಕು, ನನ್ ಐಡಿಲಿ ನೀನೇ ಪಾಸ್ ಮಾಡ್ಕೋ ಅಂತ ಹೇಳೋರು ಸಿಕ್ಕೇ ಸಿಗ್ತಾರೆ, ಅದನ್ನ ಒಳ್ಳೇತನ ಅಂತಾನೇ ಮಾಡ್ತಿರ್ತಾರೆ. ಬೇಡ ಅನ್ನಿ. "ಸರ್, ನೀವು ಬರೋವರ್ಗೂ ಕಸ್ಟಮರ್‌ನ ನಾನು ಕೂರಿಸ್ಕೊಂಡಿರ್ತೀನಿ" ಅನ್ನಿ. ಬ್ಯಾಂಕ್ ಫ್ರಾಡ್ ಕೇಸುಗಳಲ್ಲಿ ಸಿಕ್ಕಾಕೊಳ್ಳೋರಲ್ಲಿ ದುಡ್ಡು ತಿಂದವನ ಜೊತೆ ಪಾಸ್‌ವರ್ಡ್ ಕೊಟ್ಟ ಪಾಪದವ್ರೂ ಇರ್ತಾರೆ, ಚಾರ್ಜ್‌ಶೀಟ್ ಐಡಿ ಯಾರದ್ದು ಅಂತ ನೋಡತ್ತೆ ಅಷ್ಟೇ. ನಿಮ್ಮ ಪಾಸ್‌ವರ್ಡ್ ಕೊಡದೇ ಇರೋದು ಹೇಗೋ, ಬೇರೆಯವ್ರದ್ದು ಇಸ್ಕೊಳ್ಳದೇ ಇರೋದೂ ಹಾಗೆ.

ಇದ್ರ ಜೊತೆಗೇ ಸೇರ್ಸಿ ಹೇಳ್ಬಿಡ್ತೀನಿ: ಸಹೋದ್ಯೋಗಿಗಳ ಅಕೌಂಟ್ ತೆಗೆದು ಬ್ಯಾಲೆನ್ಸ್ ನೋಡೋದು, ಅವ್ರ ಗಂಡಂಗೆ ಸಂಬಳ ಎಷ್ಟು ಬೀಳತ್ತೆ ಅಂತ ಹುಡುಕೋದು, ಇವನಿಗೆ ಪರ್ಸನಲ್ ಲೋನ್ ಎಷ್ಟಿದೆ ಅಂತ ಊಟದ ಟೇಬಲ್ಲಲ್ಲಿ ನಗೋದು ಬಹಳ ಕೀಳು ಕೆಲಸ. ಯಾವ ಐಡಿ ಏನು ನೋಡ್ತು ಅಂತ ಸಿಸ್ಟಮ್‌ನಲ್ಲಿ ಗುರುತು ಉಳಿಯತ್ತೆ, ಆದ್ರೆ ಗುರುತು ಉಳಿಯತ್ತೆ ಅಂತ ಹೆದರಿ ನಿಲ್ಲಿಸೋದಲ್ಲ ಇದು.

ಹಂತ 4: ಕ್ಯಾಶ್ ಟ್ಯಾಲಿ ಆಗ್ದೇ ಇರೋ ಸಂಜೆ

ಇದನ್ನ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಯಾರು ಎಂಥವ್ರು ಅನ್ನೋದು ಇಲ್ಲಿ ತಿಳಿದಷ್ಟು ಬೇರೆಲ್ಲೂ ತಿಳಿಯಲ್ಲ.

ಒಂದು ಬ್ರಾಂಚಲ್ಲಿ ಹೊಸ ಹುಡುಗಿ ಕ್ಯಾಶ್‌ನಲ್ಲಿ ಕೂತಿದ್ಲು. ಸಂಜೆ ನಾಲ್ಕೂವರೆ, 4,500 ಕಮ್ಮಿ. ಎರಡು ಸಲ ಎಣಿಸಿದ್ಲು, ಅಷ್ಟೇ ಕಮ್ಮಿ. ಕಣ್ಣಲ್ಲಿ ನೀರು ತುಂಬ್ಕೊಂಡಿದೆ, ಕೈಯಿಂದಾನೇ ಕಟ್ಬಿಡ್ತೀನಿ ಸರ್ ಅಂತ ಪರ್ಸ್ ತೆಗೀತಿದ್ಲು. ರಿಟೈರ್‌ಮೆಂಟ್ ಹತ್ರ ಇದ್ದ ಒಬ್ರು ಹೆಡ್ ಕ್ಯಾಷಿಯರ್ ಮೇಡಂ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೊರಟಿದ್ದವ್ರು ಬ್ಯಾಗ್ ಕೆಳಗಿಟ್ರು. "ಪರ್ಸ್ ಒಳಗಿಡಮ್ಮ. ನೀರು ಕುಡ್ದು ಬಾ ಮೊದ್ಲು. 4,500 ತಾನೆ? ನಾಲ್ಕು ಐದು ಒಂಬತ್ತು. ಅಂಕಿ ತಿರುಗಿರೋ ಹಂಗಿದೆ, ನೋಟು ಬಿಟ್ಟು ಚಲನ್ ನೋಡೋಣ." ಇಬ್ರೂ ಕೂತ್ರು, ಒಬ್ರು ಚಲನ್ ಓದೋದು, ಇನ್ನೊಬ್ರು ಸ್ಕ್ರೀನ್ ನೋಡೋದು. ಕಾಲು ಗಂಟೆ ಆಗಿರ್ಬೇಕು, ಚಲನ್‌ನಲ್ಲಿ 2,700, ಎಂಟ್ರಿಲಿ 7,200. ಮೇಡಂ ಒಂದು ಮಾತೂ ಬೈಲಿಲ್ಲ. ತಕ್ಷಣ ಆಫೀಸರ್‌ಗೆ ಹೇಳಿ ಆ ಅಕೌಂಟಲ್ಲಿ ಜಾಸ್ತಿ ಬಿದ್ದಿರೋ ದುಡ್ಡನ್ನ ಹೋಲ್ಡ್ ಮಾಡ್ಸಿದ್ರು, ಯುಪಿಐನಲ್ಲಿ ಖರ್ಚಾಗ್ಬಿಟ್ರೆ ಆಮೇಲೆ ಕಸ್ಟಮರ್ ಹಿಂದೆ ಅಲೀಬೇಕಾಗತ್ತಲ್ಲ. ಆಮೇಲೆ ಎಂಟ್ರಿ ಸರಿ ಮಾಡ್ಸಿ, ಮುಂದಿನ ಬಸ್ ಎಷ್ಟೊತ್ತಿಗೆ ಅಂತ ಕೇಳ್ಕೊಂಡು ಹೊರಟ್ರು.

ಆ ಮೇಡಂ ಬಳಸಿದ್ದು ಹಳೇ ಲೆಕ್ಕಪತ್ರದವ್ರ ಉಪಾಯ, ನೀವೂ ಕಲ್ತಿಟ್ಕೊಳ್ಳಿ. ವ್ಯತ್ಯಾಸ 9ರಿಂದ ಭಾಗ ಆಗತ್ತೆ ಅಂದ್ರೆ ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿರೋ ಸಾಧ್ಯತೆ ಇರತ್ತೆ. ಅಲ್ಲ ಅಂದ್ರೆ ವ್ಯತ್ಯಾಸಾನ ಅರ್ಧ ಮಾಡಿ, ಆ ಮೊತ್ತದ ವೋಚರ್ ಯಾವುದಾದ್ರೂ ಇದ್ಯಾ ನೋಡಿ: 12,000 ವ್ಯತ್ಯಾಸ ಬಂದು 6,000ದ ಚಲನ್ ಸಿಕ್ರೆ ಜಮಾ ಮಾಡೋದನ್ನ ಪೇಮೆಂಟ್ ಅಂತ ಹಾಕಿರ್ಬಹುದು. ಸರಿಯಾಗಿ 30,000 ಆದ್ರೆ 500ರ ಪ್ಯಾಕೆಟ್‌ಗೂ 200ರ ಪ್ಯಾಕೆಟ್‌ಗೂ ಕಲೆತುಹೋಗಿರ್ಬಹುದು, ಒಂದು 50,000, ಇನ್ನೊಂದು 20,000. ಸರಿಯಾಗಿ ಒಂದು ಪ್ಯಾಕೆಟ್ ಮೊತ್ತಾನೇ ಕಮ್ಮಿ ಇದ್ರೆ ಎಣಿಸೋ ಮೆಷಿನ್ ಹಿಂದೆ, ಡ್ರಾಯರ್ ಸಂದಿ, ಕಸದ ಬುಟ್ಟಿ ನೋಡಿ, ಆಮೇಲೆ ಸಿಸಿಟಿವಿ.

ಪಕ್ಕದವ್ರ ಕ್ಯಾಶ್ ಟ್ಯಾಲಿ ಆಗ್ದಾಗ ಮಾಡ್ಬಾರದ್ದು ಒಂದಿದೆ, ಸುತ್ತ ನಿಂತು "ಯಾರಿಗೋ ಜಾಸ್ತಿ ಕೊಟ್ಬಿಟ್ಟಿರ್ತೀಯ, ಹೋಯ್ತು ಬಿಡು" ಅನ್ನೋದು. ಕೂತ್ಕೊಂಡು ಚಲನ್ ಓದಿ, ಇಲ್ಲಾಂದ್ರೆ ಸುಮ್ನೆ ಮನೆಗೆ ಹೋಗಿ. ಜಾಸ್ತಿ ಬಂದ್ರೂ ಹೇಳ್ಬೇಕು, ಟೀ ಖರ್ಚಿಗಾಯ್ತು ಅಂತ ಜೇಬಿಗಿಳಿಸೋ ಹಾಗಿಲ್ಲ, ಮಾರನೇ ದಿನ ಯಾರದ್ದೋ ಮುದುಕರ ಪೆನ್ಷನ್ ದುಡ್ಡು ಅದಾಗಿರತ್ತೆ.

ಹಂತ 5: ಬರೆಯೋದನ್ನ ನಾಳೆ ಬರೋರಿಗಾಗಿ ಬರೀರಿ

ಗೋಲ್ಡ್ ಲೋನ್ ಉದಾಹರಣೆ ತಗೊಳ್ಳಿ. ಅಪ್ರೈಸರ್ ತೂಕ ನೋಡಿ ಹೇಳ್ತಾರೆ, ನೀವು ಬರ್ಕೊಳ್ತೀರಿ, ಪ್ಯಾಕೆಟ್ ಸೀಲ್ ಆಗಿ ಒಳಗೆ ಹೋಗತ್ತೆ. ಅವಸರದಲ್ಲಿ "ಸರ 1, ಬಳೆ 2" ಅಂತ ಗೀಚಿದ್ರೆ ಅವತ್ತಿಗೆ ಏನೂ ಆಗಲ್ಲ. ಒಂದು ವರ್ಷ ಬಿಟ್ಟು ಆಯಮ್ಮ ಬಡ್ಡಿ ಕಟ್ಟಿ ಬಿಡಿಸ್ಕೊಳ್ಳೋಕೆ ಬಂದು "ನನ್ ಕರಿಮಣಿ ಸರದ ಕೊಂಡಿ ಹೀಗಿರ್ಲಿಲ್ಲ, ನೀವೇ ಮುರಿದಿದ್ದೀರಿ" ಅಂದ್ರೆ, ಆ ಹೊತ್ತಿಗೆ ನೀವು ಬೇರೆ ಊರಲ್ಲಿರ್ತೀರಿ, ಅಲ್ಲಿ ನಿಂತು ಉತ್ತರ ಹೇಳೋರು ಏನೂ ಗೊತ್ತಿಲ್ದ ಇನ್ನೊಬ್ರು. ಕರಿಮಣಿ ಸರ, ಕೊಂಡಿ ಸವೆದಿದೆ, ಒಂದು ಗುಂಡು ನೆಗ್ಗಿದೆ, ಒಟ್ಟು ತೂಕ ಇಷ್ಟು, ಕಲ್ಲು ಮಣಿ ಕಳೆದು ನಿವ್ವಳ ಇಷ್ಟು, ಇಷ್ಟು ಬರೆಯೋಕೆ ಎರಡು ನಿಮಿಷ ಸಾಕು. ಬರೆದಿದ್ದನ್ನ ಕಸ್ಟಮರ್‌ಗೆ ಓದಿ ಹೇಳಿ ಸಹಿ ಹಾಕಿಸ್ಕೊಳ್ಳಿ.

ಲೋನ್ ಫೈಲಲ್ಲೂ ಹೀಗೇ. ಯಾಕೆ ಈ ಡಾಕ್ಯುಮೆಂಟ್ ಇಲ್ಲ, ಯಾವಾಗ ತರ್ತೀನಿ ಅಂದಿದ್ದಾರೆ ಅಂತ ಒಂದು ಸಾಲು ಬರೆದಿಟ್ರೆ ಮುಂದಿನವ್ರು ನಿಮ್ಮನ್ನ ಬೈಕೊಳ್ಳಲ್ಲ.

ಹಂತ 6: ಕಸ್ಟಮರ್ ಎದುರಿಗೆ ಪರಸ್ಪರ ಬಿಟ್ಟುಕೊಡ್ಬೇಡಿ

"ನಂದಲ್ಲ, ಮೂರನೇ ಕೌಂಟರ್‌ಗೆ ಹೋಗಿ." ಮೂರನೇ ಕೌಂಟರಲ್ಲಿ "ಯಾರ್ ಹೇಳಿದ್ದು ಇಲ್ಲಿಗೆ ಬರೋಕೆ?" ಬ್ಯಾಂಕುಗಳ ಮೇಲೆ ಜನ ಮಾಡೋ ಜೋಕೆಲ್ಲ ಇಲ್ಲಿಂದಾನೇ ಬಂದಿರೋದು, ನಮಗೆ ಸಿಟ್ಟು ಬಂದ್ರೂ ಜೋಕು ನಿಜಾನೇ. ಕಳಿಸೋ ಮುಂಚೆ ಆ ಕಡೆ ಒಂದ್ಸಲ ಕೂಗಿ ಕೇಳಿ, ಆಗಲ್ಲ ಅಂದ್ರೆ ಇಲ್ಲೇ ಹೇಳ್ಬಿಡಿ. ನವೆಂಬರಲ್ಲಿ ಪೆನ್ಷನ್‌ದಾರರು ಜೀವನ ಪ್ರಮಾಣ ಪತ್ರಕ್ಕೆ ಬರೋ ಸಮಯ ಅಂತೂ ಕೋಲು ಊರ್ಕೊಂಡು ಬಂದವ್ರನ್ನ ಕೌಂಟರ್‌ನಿಂದ ಕೌಂಟರ್‌ಗೆ ಓಡಾಡಿಸ್ಬೇಡಿ, ಅಟೆಂಡರ್ ಇಲ್ಲಾಂದ್ರೆ ನೀವೇ ಎದ್ದು ಹೋಗಿ.

ಸಹೋದ್ಯೋಗಿ ತಪ್ಪು ಮಾಡಿದ್ದಾರೆ ಅಂತ ಗೊತ್ತಾದ್ರೂ ಕಸ್ಟಮರ್ ಮುಂದೆ "ಅವ್ರು ಯಾವಾಗ್ಲೂ ಹೀಗೇ" ಅನ್ಬೇಡಿ. ಕೆಲಸ ಸರಿ ಮಾಡಿ ಕಳ್ಸಿ, ಆಮೇಲೆ ಅವ್ರಿಗೆ ಹೇಳಿ. ಜಗಳ ಜೋರಾದಾಗ ಎದ್ದು ಹೋಗಿ ಪಕ್ಕ ನಿಂತ್ಕೊಳ್ಳಿ. ನಕಲಿ ನೋಟು ಸಿಕ್ಕಾಗ ಇದು ಬಹಳ ಮುಖ್ಯ. ನಿಯಮದ ಪ್ರಕಾರ ಅದನ್ನ ಕಸ್ಟಮರ್‌ಗೆ ವಾಪಸ್ ಕೊಡೋ ಹಾಗಿಲ್ಲ, ಸೀಲ್ ಹಾಕಿ ಜಪ್ತಿ ಮಾಡಿ ರಸೀದಿ ಕೊಡ್ಬೇಕು, ಒಂದೇ ವಹಿವಾಟಲ್ಲಿ 5 ಅಥವಾ ಅದಕ್ಕಿಂತ ಹೆಚ್ಚು ಸಿಕ್ರೆ ಪೊಲೀಸ್‌ಗೆ ದೂರು ಕೊಡ್ಬೇಕು. ತರ್ಕಾರಿ ಮಾರಿ ಬಂದವ್ರಿಗೆ ಆ 500 ಅಂದ್ರೆ ಒಂದು ದಿನದ ದುಡಿಮೆ, ಕೂಗಾಡೇ ಕೂಗಾಡ್ತಾರೆ, ತಪ್ಪಿಲ್ಲ. ಆದ್ರೆ ಕ್ಯಾಷಿಯರ್ ಒಬ್ರನ್ನೇ ಗಾಜಿನ ಹಿಂದೆ ಬಿಟ್ಟು ಆಫೀಸರ್ ಕ್ಯಾಬಿನ್ ಒಳಗೆ ಫೋನ್ ಹಿಡ್ಕೊಂಡು ಕೂತ್ರೆ ಅದನ್ನ ಆ ಕ್ಯಾಷಿಯರ್ ಮರೆಯಲ್ಲ. 2016ರ ನವೆಂಬರ್ 8ರ ರಾತ್ರಿ ನೋಟ್ ಬ್ಯಾನ್ ಆಗಿ, 10ನೇ ತಾರೀಖು ಬಾಗಿಲು ತೆಗೆದಾಗ ರಸ್ತೆವರ್ಗೂ ಕ್ಯೂ ಇತ್ತಲ್ಲ, ಆ ದಿನಗಳಲ್ಲಿ ಕೋಟು ಕಳಚಿಟ್ಟು ಕೌಂಟರಲ್ಲಿ ಕೂತು ನೋಟು ಎಣಿಸಿದ ಮ್ಯಾನೇಜರ್‌ಗಳ ಹೆಸರನ್ನ ಸ್ಟಾಫ್ ಈಗ್ಲೂ ಹೇಳ್ತಾರೆ. ಕ್ಯಾಬಿನ್ ಬಾಗಿಲು ಹಾಕ್ಕೊಂಡವ್ರ ಹೆಸರನ್ನೂ ಹೇಳ್ತಾರೆ, ಅದು ಬೇರೆ ತರ.

ಹಂತ 7: ಭಾಷೆ, ಊರು, ಹಳೇ ಬ್ಯಾಂಕು

ಬಿಹಾರ, ಯುಪಿ, ಆಂಧ್ರ, ಕೇರಳದಿಂದ ಬಂದವ್ರು ನಮ್ಮ ಬ್ರಾಂಚುಗಳಲ್ಲಿ ಈಗ ಸಾಮಾನ್ಯ. ಕನ್ನಡ ಬರಲ್ಲ ಅಂತ ಕೌಂಟರಲ್ಲಿ ಗಲಾಟೆ ಆಗಿ ವಿಡಿಯೋ ವೈರಲ್ ಆಗೋದೂ ನೋಡಿದ್ದೀವಿ. ಹಳ್ಳಿ ಜನಕ್ಕೆ ಅವ್ರ ಭಾಷೇಲಿ ಉತ್ತರ ಸಿಗ್ಬೇಕು, ಅದ್ರಲ್ಲಿ ನನಗೆ ಎರಡು ಮಾತಿಲ್ಲ, ಬಂದವ್ರು ಕಲೀಲೇಬೇಕು. ಆದ್ರೆ ಪಕ್ಕದಲ್ಲಿ ಕೂತಿರೋ ನಾವು ಕಲ್ಸೋದು ಬಿಟ್ಟು, ಅವ್ರು ತಡವರಿಸೋದನ್ನ ನೋಡಿ ಮಜಾ ತಗೊಂಡ್ರೆ ನಾವೇನು ಒಳ್ಳೆ ಸಹೋದ್ಯೋಗಿ? ಮೊದಲ ದಿನಾನೇ ಹತ್ತು ವಾಕ್ಯ ಬರ್ಕೊಡಿ: ಏನ್ ಕೆಲಸ ಆಗ್ಬೇಕಿತ್ತು, ಪಾಸ್‌ಬುಕ್ ಕೊಡಿ, ಇಲ್ಲಿ ಸಹಿ ಹಾಕಿ, ಸ್ವಲ್ಪ ಕೂತ್ಕೊಳ್ಳಿ, ಎಷ್ಟು ದುಡ್ಡು ತೆಗೀಬೇಕು, ಇಂಥವು. ಒಂದರಿಂದ ನೂರರ ತನಕ ಎಣಿಕೆ ಕಲ್ಸಿ, ಕ್ಯಾಶಲ್ಲಿ ಕೂರೋರಿಗೆ ಮೊದ್ಲು ಬೇಕಾಗೋದು ಅದು. ಅವ್ರ ಪರವಾಗಿ ನೀವೇ ಎಲ್ಲದಕ್ಕೂ ಉತ್ತರ ಹೇಳೋಕ್ ಹೋಗ್ಬೇಡಿ, ಹೇಳಿದ್ರೆ ಮೂರು ವರ್ಷ ಆದ್ರೂ ಕಲಿಯಲ್ಲ, ನಿಮ್ಮ ಕೆಲಸಾನೂ ಕೆಡತ್ತೆ. ನಮ್ಮವ್ರಿಗೂ ಇದು ತಪ್ಪಿದ್ದಲ್ಲ, ಮಂಡ್ಯದ ಹುಡುಗ ವಿಜಯಪುರಕ್ಕೆ ಪೋಸ್ಟಿಂಗ್ ಹೋಗಿ, ಅಲ್ಲಿನ ಕಸ್ಟಮರ್ "ದೀಡ್ ಸಾವಿರ ಕೊಡ್ರಿ" ಅಂದಾಗ ಕಕ್ಕಾಬಿಕ್ಕಿ ಆಗ್ತಾನೆ, 1,500 ಅಂತ ಯಾರೋ ಮೆಲ್ಲಗೆ ಹೇಳ್ಬೇಕು.

ಇನ್ನೊಂದು, ಬ್ಯಾಂಕ್ ವಿಲೀನದ ಜಗಳ. 2017ರ ಏಪ್ರಿಲಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಗೆ, 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಗೆ, 2020ರಲ್ಲಿ ಸಿಂಡಿಕೇಟ್ ಕೆನರಾಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕ್‌ಗೆ ಸೇರ್ತು, ಗ್ರಾಮೀಣ ಬ್ಯಾಂಕುಗಳೂ 2025ರ ಮೇಯಿಂದ ಒಂದೇ ಆಗಿ ಬಳ್ಳಾರಿ ಹೆಡ್ ಆಫೀಸ್ ಆಯ್ತು. ಒಂದೇ ಬ್ರಾಂಚಲ್ಲಿ ಎರಡು ಮನೆಯವ್ರು. "ನಮ್ ಬ್ಯಾಂಕಲ್ಲಿ ಹೀಗಿರ್ಲಿಲ್ಲ" ಅನ್ನೋ ಮಾತು ವರ್ಷಗಟ್ಲೆ ಕೇಳಿದ್ದೀವಿ. ನೀವು ಆಮೇಲೆ ಸೇರಿದವ್ರಾದ್ರೆ ಈ ಗುಂಪುಗಳಲ್ಲಿ ಯಾವುದಕ್ಕೂ ಸೇರ್ಕೋಬೇಡಿ, ಆದ್ರೆ ಹಳಬ್ರು ಹಳೇ ಬ್ಯಾಂಕಿನ ಕಥೆ ಹೇಳಿದ್ರೆ ಕೇಳಿ. ಕೆಲಸ ಮಾಡೋ ಜಾಗದ ಹೆಸರೇ ಬೋರ್ಡಿಂದ ಹೋದಾಗ ಮನುಷ್ಯರಿಗೆ ಬೇಜಾರಾಗತ್ತೆ, ಅವ್ರಿಗೆ ಹೊಸ ಸಾಫ್ಟ್‌ವೇರ್ ತಡವಾಗಿ ಬರತ್ತೆ ಅಂತ ನಗ್ಬೇಡಿ, ಮೆನು ಎಲ್ಲಿದೆ ತೋರ್ಸಿ. ಬದಲಿಗೆ ಅವ್ರು ನಿಮಗೆ ಒಬ್ಬ ಸಾಲಗಾರ ಬಾಗಿಲು ದಾಟಿ ಬರೋ ರೀತಿ ನೋಡಿ ದುಡ್ಡು ವಾಪಸ್ ಬರತ್ತಾ ಇಲ್ವಾ ಅಂತ ಹೇಳೋದು ಕಲಿಸ್ತಾರೆ.

ಹಂತ 8: ರಜೆ

ಎರಡನೇ, ನಾಲ್ಕನೇ ಶನಿವಾರ 2015ರ ಸೆಪ್ಟೆಂಬರಿಂದ ರಜೆ, ಅದು ಎಲ್ರಿಗೂ ಇದ್ದದ್ದೇ. ಗಲಾಟೆ ಇರೋದು ಹಬ್ಬಕ್ಕೆ ಅಂಟಿಸ್ಕೊಂಡು ತಗೊಳ್ಳೋ ರಜೆಗೆ. ಐದು ಜನ ಇರೋ ಬ್ರಾಂಚಲ್ಲಿ ಮೂರು ಜನ ಗೌರಿ ಗಣೇಶಕ್ಕೆ ಊರಿಗೆ ಹೋದ್ರೆ ಉಳಿದಿಬ್ರ ಕಥೆ ಮುಗೀತು. ಒಂದು ಕ್ಯಾಲೆಂಡರ್ ಗೋಡೆಗೆ ಹಾಕಿ, ವರ್ಷದ ಶುರುವಲ್ಲೇ ಯಾರಿಗೆ ಯಾವ ಹಬ್ಬ ಬಿಡೋಕೆ ಆಗಲ್ಲ ಅಂತ ಬರೀರಿ. ಬಿಹಾರದವ್ರಿಗೆ ದೀಪಾವಳಿಗಿಂತ ಆರು ದಿನ ಬಿಟ್ಟು ಬರೋ ಛಠ್ ದೊಡ್ಡದು, ದೀಪಾವಳಿಗೆ ಅವ್ರು ಕೂತ್ರೆ ಛಠ್‌ಗೆ ನೀವು ಕೂತ್ಕೊಳ್ಳಿ. ರಂಜಾನ್, ಕ್ರಿಸ್ಮಸ್‌ಗೂ ಹೀಗೇ ಅದಲುಬದಲು. ಮಾರ್ಚ್ ಕೊನೇ ವಾರ ಮಾತ್ರ ಯಾರೂ ಕೇಳ್ಬೇಡಿ.

ಹುಷಾರಿಲ್ಲ ಅಂದ್ರೆ ಬೆಳಿಗ್ಗೆ ಎಂಟಕ್ಕೇ ಹೇಳಿ. ಸುಳ್ಳು ಜ್ವರ ಹೇಳಿ ಗೋಕರ್ಣ ಬೀಚಿನ ಸ್ಟೇಟಸ್ ಹಾಕೋರಿಗೆ ನಾನು ಹೇಳೋದೇನೂ ಇಲ್ಲ.

ನಾನಿಲ್ದೆ ಈ ಸೀಟು ನಡೆಯಲ್ಲ ಅನ್ನೋ ಹೆಮ್ಮೆ ಕೆಲವ್ರಿಗೆ ಇರತ್ತೆ, ಅದು ನಮ್ಮ ಲೈನಲ್ಲಿ ಹೆಮ್ಮೆ ಅಲ್ಲ, ಅನುಮಾನದ ಲಕ್ಷಣ. ಸೂಕ್ಷ್ಮ ಹುದ್ದೆಗಳಲ್ಲಿ ಇರೋರನ್ನ ವರ್ಷಕ್ಕೊಮ್ಮೆ ಮುಂಚೆ ತಿಳಿಸದೇನೇ ಕನಿಷ್ಠ 10 ಕೆಲಸದ ದಿನ ರಜೆ ಮೇಲೆ ಕಳಿಸ್ಬೇಕು ಅಂತ ರಿಸರ್ವ್ ಬ್ಯಾಂಕ್ 2021ರ ಜುಲೈನಲ್ಲಿ ಹೇಳಿರೋದು ಇದೇ ಕಾರಣಕ್ಕೆ, ಬೇರೆಯವ್ರು ಆ ಸೀಟಲ್ಲಿ ಕೂತಾಗ ಏನಾದ್ರೂ ಇದ್ರೆ ಹೊರಗೆ ಬರ್ಲಿ ಅಂತ. ಅದಕ್ಕೆ ನಿಮ್ಮ ಕೆಲಸಾನ ಇನ್ನೊಬ್ರಿಗಾದ್ರೂ ಕಲ್ಸಿಟ್ಟಿರಿ.

ಹಂತ 9: ಟಾರ್ಗೆಟ್, ಸಾಲ, ಜಾಮೀನು

ಇನ್ಶೂರೆನ್ಸ್, ಮ್ಯೂಚುವಲ್ ಫಂಡ್, ಕ್ರೆಡಿಟ್ ಕಾರ್ಡ್ ಟಾರ್ಗೆಟ್ ಎಲ್ರ ತಲೆ ಮೇಲೂ ಇದೆ. ಪಕ್ಕದವ್ರು ತಿಂಗಳಿಂದ ಮಾತಾಡಿ ಒಪ್ಪಿಸಿರೋ ಕಸ್ಟಮರ್ ಅವ್ರು ರಜೆ ಇದ್ದ ದಿನ ಬಂದ್ರೆ, ಫಾರ್ಮ್ ಮೇಲೆ ನಿಮ್ಮ ಸ್ಟಾಫ್ ನಂಬರ್ ಹಾಕ್ಬೇಡಿ, ಅವ್ರದ್ದೇ ಹಾಕಿ. ಎಫ್‌ಡಿ ಮಾಡೋಕೆ ಬಂದ ಅಜ್ಜನಿಗೆ ಎಫ್‌ಡಿ ತರಾನೇ ಅಂತ ಹೇಳಿ ಪಾಲಿಸಿ ಮಾಡ್ಸೋದು ಅಜ್ಜನಿಗೆ ಮಾಡೋ ಮೋಸ, ಜೊತೆಗೆ ಮುಂದಿನ ವರ್ಷ ಪ್ರೀಮಿಯಂ ಕಟ್ಟಿ ಅಂತ ಮೆಸೇಜ್ ಬಂದಾಗ ಆ ಅಜ್ಜನ ಮಗನ ಹತ್ರ ಬೈಸ್ಕೊಳ್ಳೋ ಸಹೋದ್ಯೋಗಿಗೂ ಮೋಸ.

ಕೈಸಾಲ ಕೇಳ್ಬೇಡಿ, ಕೇಳಿದ್ರೆ ತೀರ್ಸೋ ತಾರೀಖು ಹೇಳಿ ಕೇಳಿ. ಸ್ಟಾಫ್ ಸೊಸೈಟಿ ಲೋನಿಗೆ ಜಾಮೀನು ಹಾಕು ಅಂತ ಹೊಸಬ್ರನ್ನ ಹಿಡ್ಕೊಳ್ಳೋರು ಇರ್ತಾರೆ, ಇಲ್ಲ ಅನ್ನೋಕೆ ಸಂಕೋಚ ಪಡ್ಬೇಡಿ, "ಮನೇಲಿ ಒಪ್ಪಲ್ಲ ಸರ್" ಅಂದ್ರೆ ಸಾಕು, ಬ್ಯಾಂಕಿನವ್ರಿಗೆ ಜಾಮೀನಿನ ಅರ್ಥ ಚೆನ್ನಾಗೇ ಗೊತ್ತಿರತ್ತೆ.

ಹಂತ 10: ಮನಸ್ತಾಪ ಬಂದಾಗ

ನೇರವಾಗಿ, ಒಬ್ರೇ ಇದ್ದಾಗ, ಅವತ್ತೇ ಅಥವಾ ಮಾರನೇ ದಿನ ಹೇಳಿ. ಬ್ರಾಂಚ್ ವಾಟ್ಸಾಪ್ ಗ್ರೂಪಲ್ಲಿ ಚುಚ್ಚಿ ಬರೆಯೋದು, ಮ್ಯಾನೇಜರ್ ಕಿವಿ ಕಚ್ಚೋದು, ಊಟಕ್ಕೆ ಬೇರೆ ಕೂರೋದು, ಹತ್ತು ಜನ ಇಲ್ದಿರೋ ಜಾಗದಲ್ಲಿ ಇದು ತಿಂಗಳಾನುಗಟ್ಲೆ ನಾರತ್ತೆ. ಹೇಳುವಾಗ ಘಟನೆ ಹೇಳಿ: "ನಿನ್ನೆ ಕ್ಲಿಯರಿಂಗ್ ಚೆಕ್ ಹೇಳ್ದೇ ನನ್ ಟೇಬಲ್ ಮೇಲಿಟ್ಟು ಹೋದ್ರಿ, ನಾನು ನೋಡಿದ್ದು ಟೈಮ್ ಮುಗಿದ್ಮೇಲೆ." ಇಷ್ಟು ಸಾಕು, ಅವ್ರ ಸ್ವಭಾವದ ವಿಶ್ಲೇಷಣೆ ಬೇಡ.

ಎಲ್ಲವನ್ನೂ ಅಡ್ಜಸ್ಟ್ ಮಾಡ್ಕೊಳ್ಳೋದೇ ಒಳ್ಳೇತನ ಅನ್ಕೋಬೇಡಿ. ಹೆಣ್ಮಕ್ಕಳ ಹತ್ರ ಯಾರಾದ್ರೂ ಕೆಟ್ಟದಾಗಿ ನಡ್ಕೊಳ್ತಿದ್ರೆ "ಅವ್ರು ಹಾಗೇ, ತಮಾಷೆ ಸ್ವಭಾವ" ಅಂತ ಮುಚ್ಚೋರು ಸಹೋದ್ಯೋಗಿ ಅಲ್ಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ 2013ರ ಕಾನೂನಿನ ಪ್ರಕಾರ ದೂರು ಕೇಳೋಕೆ ಆಂತರಿಕ ಸಮಿತಿ ಇರ್ಲೇಬೇಕು, ದೂರನ್ನ ಸಾಮಾನ್ಯವಾಗಿ 3 ತಿಂಗಳೊಳಗೆ ಕೊಡ್ಬೇಕು, ಅವ್ಳು ಕೊಡೋಕೆ ತಯಾರಿದ್ರೆ ನೋಡಿದ್ದನ್ನ ನೋಡಿದೆ ಅಂತ ಬರ್ಕೊಡಿ. ಲೋನ್ ಫೈಲಲ್ಲಿ ಕಳ್ಳ ದಾಖಲೆ ಕಂಡ್ರೂ ಅಷ್ಟೇ, ಸ್ನೇಹ ಅಂತ ಸಹಿ ಹಾಕ್ಬೇಡಿ.

ಹಂತ 11: ಟ್ರಾನ್ಸ್‌ಫರ್ ಆರ್ಡರ್ ಬಂದ್ಮೇಲೆ

ಆರ್ಡರ್ ಬಂದ ದಿನದಿಂದ ಮನಸ್ಸು ಹೊಸ ಊರಲ್ಲಿರತ್ತೆ, ಮನೆ ಹುಡುಕೋದು, ಮಕ್ಕಳ ಸ್ಕೂಲು, ಗೊತ್ತು. ಆದ್ರೂ ಒಂದು ಸಂಜೆ ಕೂತು ಚಾರ್ಜ್ ಲಿಸ್ಟ್ ಬರೀರಿ. ಯಾವ ಕೀ ಯಾರಿಗೆ ಕೊಟ್ರಿ, ಯಾವ ಕಂಪ್ಲೇಂಟ್ ಎಲ್ಲಿಗೆ ಬಂದು ನಿಂತಿದೆ, ಯಾರ ಡೆತ್ ಕ್ಲೇಮ್ ಬಾಕಿ, ಯಾವ ಲೋನ್‌ನವ್ರು ಇನ್ಶೂರೆನ್ಸ್ ರಿನ್ಯೂ ಮಾಡಿಲ್ಲ, ಆಡಿಟ್ ಉತ್ತರ ಯಾವುದು ಉಳಿದಿದೆ, ಸಾಲ ಕಟ್ದೇ ಇರೋರಲ್ಲಿ ಯಾರು ಬೆಳಿಗ್ಗೆ ಏಳಕ್ಕೆ ಹೋದ್ರೆ ಮನೇಲಿ ಸಿಗ್ತಾರೆ. ಕಷ್ಟದ ಫೈಲನ್ನ ಅಡಿಗೆ ಹಾಕಿ ಕೊಟ್ಟು ಹೋಗ್ಬೇಡಿ, ಅದನ್ನೇ ಮೇಲಿಡಿ. ಬಂದವ್ರ ಜೊತೆ ಒಂದು ದಿನ ಕೂತು ತೋರ್ಸೋಕೆ ಆದ್ರೆ ತೋರ್ಸಿ, ರಿಲೀವ್ ಆಗೋ ದಿನ ಮಧ್ಯಾಹ್ನ ಬೀಳ್ಕೊಡುಗೆ ಊಟ, ಶಾಲು ಹಾರ ಎಲ್ಲ ಮುಗಿದ್ಮೇಲೆ ಓಡಿಹೋಗ್ಬೇಡಿ, ಸಿಸ್ಟಮ್ ಐಡಿ ಈ ಬ್ರಾಂಚಿಂದ ತೆಗೆದಿದ್ದಾರಾ ಅಂತ ಖಾತ್ರಿ ಮಾಡ್ಕೊಂಡೇ ಹೊರಡಿ. ಅಲ್ಲಿಂದ ಒಂದು ತಿಂಗಳು ಹಳೇ ಬ್ರಾಂಚಿಂದ ಫೋನ್ ಬರ್ತಾನೇ ಇರತ್ತೆ, ಎತ್ತಿ. ಬೇಕಾಗಿರೋ ಫೈಲ್ ಯಾವ ಬೀರುವಿನ ಯಾವ ಖಾನೇಲಿದೆ ಅಂತ ಹೇಳೋಕೆ ಎರಡು ನಿಮಿಷ, ಹುಡುಕೋರಿಗೆ ಅರ್ಧ ದಿನ.